ಮೊದಲು ಬೆರಳು, ಆಮೇಲೆ ರಕ್ತ

ಕುಮಟಾದ ನನ್ನ ದವಾಖಾನೆಗೆ ಗಂಟು ನೋವೆಂದು ಬರುವವರಲ್ಲಿ ಬಹಳಷ್ಟು ಮಂದಿ ಕೈಯಲ್ಲೊಂದು ಲ್ಯಾಬ್ ವರದಿ ಹಿಡಿದೇ ಬರುತ್ತಾರೆ. ಕುಳಿತುಕೊಳ್ಳುವ ಮೊದಲೇ "ಆರ್‌ಎ ಪಾಸಿಟಿವ್ ಅಂತೆ ಡಾಕ್ಟರೇ, ಕೈಕಾಲು ಸೊಟ್ಟಗಾಗುತ್ತದಂತೆ" ಎಂಬ ಮಾತು. ನಾನು ವರದಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಎರಡೂ ಕೈ ಚಾಚಲು ಹೇಳುತ್ತೇನೆ. ದುಡ್ಡು ಕೊಟ್ಟು ಮಾಡಿಸಿದ್ದನ್ನು ಓದದೆ ಬದಿಗಿಟ್ಟರೆಂದು ಕೆಲವರಿಗೆ ಬೇಸರವಾಗುವುದುಂಟು. ಓದುತ್ತೇನೆ, ಆದರೆ ಆಮೇಲೆ. ರಕ್ತದಲ್ಲಿ ಆ ವರದಿ ಹೇಳುವ ಪ್ರತಿಕಾಯ (ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನು) ಇದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಕೀಲಿನಲ್ಲಿ ಉರಿಯೂತ ಇದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಸಿಗುವ ಮೊದಲು ಮೊದಲನೆಯದನ್ನು ಹಿಡಿದು ಹೊರಟರೆ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಕಾಯಿಲೆಯನ್ನು ಅರ್ಧ ಊರಿಗೆ ಅಂಟಿಸಿಬಿಡಬಹುದು. ನಾನು ಜನರಲ್ ಮೆಡಿಸಿನ್ ಓದಿದವನು, ಸಂಧಿವಾತ ತಜ್ಞನಲ್ಲ. ನಮ್ಮ ಕಡೆಯ ರೋಗಿಗಳು ತಜ್ಞರನ್ನು ಕಾಣಲು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುತ್ತಾರೆ, ಅದೂ ಮೊದಲ ಮಳೆಗಾಲ ಕಳೆದ ಮೇಲೆ. ಹಾಗಾಗಿ ಕಾಯಿಲೆಯ ಆರಂಭದ ತಿಂಗಳುಗಳು ನನ್ನಂಥವರ ಪಾಲಿಗೆ ಬರುತ್ತವೆ. ಲಕ್ಷಣ ಶುರುವಾದ 3 ತಿಂಗಳೊಳಗೆ ಸರಿಯಾದ ಔಷಧಿ ಶುರುವಾಗಬೇಕೆಂದು ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುವುದೂ ಇದೇ ತಿಂಗಳುಗಳ ಬಗ್ಗೆ.

ಕೈಯಲ್ಲಿ ನಾನು ಹುಡುಕುವುದು ಬಾವನ್ನು. ನೋವು ಎಲ್ಲರಿಗೂ ಇರುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಗಂಟೆಗಟ್ಟಲೆ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಆರಿಸುವ ಹೆಂಗಸರಿಗೆ, ಮಂಜುಗಡ್ಡೆಯ ನಡುವೆ ಕೈಯಿಟ್ಟು ಮೀನು ವಿಂಗಡಿಸುವವರಿಗೆ, ದೇವಿಮನೆ ಘಟ್ಟದ ಮೇಲಿಂದ ಅಡಿಕೆ ಸುಲಿಯುವ ಕೆಲಸ ಬಿಟ್ಟು ಬಂದವರಿಗೆ ಬೆರಳು ನೋಯದಿದ್ದರೇ ಆಶ್ಚರ್ಯ. ಉಗುರಿನ ಹಿಂದಿನ ತುದಿಗಂಟು ಗಟ್ಟಿಯಾಗಿ ಉಬ್ಬಿದ್ದರೆ ಅದು ಸಾಮಾನ್ಯವಾಗಿ ಸವೆತದ ಕಾಯಿಲೆ, ಅಲ್ಲಿ ಬೆಳೆದಿರುವುದು ಮೂಳೆ. ರುಮಟಾಯ್ಡ್ ಆ ತುದಿಗಂಟನ್ನು ಬಹುತೇಕ ಬಿಟ್ಟುಬಿಡುತ್ತದೆ. ಬೆರಳಿನ ಬುಡದ ಗಂಟು, ನಡುಗಂಟು, ಮಣಿಕಟ್ಟು, ಪಾದದ ಬೆರಳುಗಳ ಬುಡ, ಇವು ಅದರ ಜಾಗ. ಹೆಚ್ಚಾಗಿ ಎರಡೂ ಬದಿಯಲ್ಲಿ ಹಿಡಿಯುತ್ತದೆ, ಶುರುವಿನಲ್ಲಿ ಒಂದೇ ಬದಿ ಇದ್ದರೂ ಇರಬಹುದು.

ಮುಷ್ಟಿ ಕಟ್ಟಲು ಹೇಳಿ ಮೇಲಿನಿಂದ ನೋಡಿದರೆ ಆರೋಗ್ಯವಂತ ಕೈಯಲ್ಲಿ ಬುಡದ ಗಂಟುಗಳ ನಡುವೆ ತಗ್ಗುಗಳು ಸ್ಪಷ್ಟವಾಗಿ ಕಾಣುತ್ತವೆ. ಬಾವು ಬಂದ ಕೈಯಲ್ಲಿ ಆ ತಗ್ಗು ತುಂಬಿಕೊಂಡಿರುತ್ತದೆ. ಆಮೇಲೆ ಒಂದೊಂದೇ ಗಂಟನ್ನು ಎರಡು ಹೆಬ್ಬೆರಳು, ಎರಡು ತೋರುಬೆರಳುಗಳ ನಡುವೆ ಹಿಡಿದು ಒತ್ತುತ್ತೇನೆ. ಉರಿಯೂತದ ಬಾವು ಚಪಾತಿಗೆ ನಾದಿಟ್ಟ ಹಿಟ್ಟನ್ನು ಒತ್ತಿದ ಹಾಗೆ ಮಿದುವಾಗಿ ಜಗ್ಗುತ್ತದೆ. ಇದನ್ನು ಪುಸ್ತಕ ಓದಿ ಕಲಿಯಲು ಬರುವುದಿಲ್ಲ, ಒತ್ತಿ ಒತ್ತಿಯೇ ಕಲಿಯಬೇಕು. ಕೊನೆಗೆ ಕೈ ಕುಲುಕುವವನ ಹಾಗೆ ಬುಡದ ಗಂಟುಗಳ ಸಾಲನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಹಿಂಡುತ್ತೇನೆ. ಆಗ ನನ್ನ ಕಣ್ಣು ರೋಗಿಯ ಕೈಯ ಮೇಲಿರುವುದಿಲ್ಲ, ಮುಖದ ಮೇಲಿರುತ್ತದೆ. "ಏನೂ ಇಲ್ಲ, ಏನೂ ಇಲ್ಲ" ಎನ್ನುತ್ತಲೇ ಹುಬ್ಬು ಗಂಟಿಕ್ಕುವವರು ಇದ್ದಾರೆ.

ಪಾದದ ವಿಷಯ ಬಂದಾಗ ಇಲ್ಲಿ ಸಂಕೋಚ ಅಡ್ಡ ಬರುತ್ತದೆ. ಹಿರಿಯ ಹೆಂಗಸರು "ನಿಮ್ಮ ಕೈಗೆ ಕಾಲು ಕೊಡುವುದೇ, ಬೇಡ" ಎಂದು ಸೀರೆಯ ಅಂಚಿನೊಳಗೆ ಪಾದ ಎಳೆದುಕೊಳ್ಳುತ್ತಾರೆ. ಒತ್ತಾಯಿಸಿಯೇ ನೋಡುತ್ತೇನೆ. ಕಾಯಿಲೆಯ ತೀವ್ರತೆ ಅಳೆಯಲು ನಾವು ಬಳಸುವ 28 ಕೀಲುಗಳ ಎಣಿಕೆಯಲ್ಲಿ ಪಾದವೇ ಸೇರಿಲ್ಲ. ಮೂಳೆ ಕೊರೆಯಲು ಶುರುವಾಗುವ ಮೊದಲ ಜಾಗಗಳಲ್ಲಿ ಕಾಲಿನ ಕಿರುಬೆರಳಿನ ಬುಡವೂ ಒಂದು ಎಂಬುದು ಗೊತ್ತಿದ್ದೂ ಹೀಗೆ.

ಬೆಳಗಿನ ಬಿಗಿತದ ಬಗ್ಗೆ ಕೇಳುವಾಗ "ಎಷ್ಟು ನಿಮಿಷ" ಎಂದರೆ ಸರಿಯಾದ ಉತ್ತರ ಸಿಗುವುದಿಲ್ಲ. ಗಡಿಯಾರ ನೋಡಿಕೊಂಡು ಯಾರೂ ನೋಯುವುದಿಲ್ಲ. ಅದಕ್ಕೇ "ಕೊಟ್ಟಿಗೆಯ ಕೆಲಸ ಮುಗಿಯುವಷ್ಟರಲ್ಲಿ ಕೈ ಸಡಿಲವಾಗುತ್ತದೆಯೋ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೂ ಹಾಗೇ ಇರುತ್ತದೆಯೋ" ಎಂದು ಕೇಳುತ್ತೇನೆ. ಬಾವಿಯ ಹಗ್ಗ ಹಿಡಿಯಲು ಆಗುತ್ತದೆಯೇ, ಕಾಯಿ ತುರಿಯಲು ಸೊಸೆಯನ್ನು ಕರೆಯುತ್ತೀರಾ, ಬಳೆ ಏರಿಸುವುದು ಕಷ್ಟವೇ? ರುಮಟಾಯ್ಡ್ ಗುರುತಿಸುವ 1987ರ ಅಮೆರಿಕದ ಮಾನದಂಡದಲ್ಲಿ ಒಂದು ಗಂಟೆಯ ಬಿಗಿತಕ್ಕೆ ಸ್ಥಾನವಿತ್ತು, 2010ರ ಹೊಸ ಮಾನದಂಡದಲ್ಲಿ ಅದನ್ನು ಕೈಬಿಟ್ಟರು. ನಾನು ಬಿಟ್ಟಿಲ್ಲ. ಕೆಲಸ ಮಾಡಿದಷ್ಟೂ ಹೆಚ್ಚುವ ನೋವನ್ನೂ, ಕೆಲಸ ಮಾಡುತ್ತಾ ಸಡಿಲಗೊಳ್ಳುವ ಬಿಗಿತವನ್ನೂ ಬೇರ್ಪಡಿಸಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಇಷ್ಟಾದ ಮೇಲೆ ಬೋರಲು ಹಾಕಿದ ಕಾಗದವನ್ನು ತಿರುಗಿಸುತ್ತೇನೆ. ಸಾಮಾನ್ಯವಾಗಿ ಅದರಲ್ಲಿ ಯೂರಿಕ್ ಆಮ್ಲ, ಎಎಸ್‌ಒ, ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ, ಆರ್‌ಎ ಫ್ಯಾಕ್ಟರ್ ನಾಲ್ಕೂ ಒಂದೇ ಪ್ಯಾಕೇಜಿನಲ್ಲಿ ಇರುತ್ತವೆ. ಎಎಸ್‌ಒ ಎಂಬುದು ಗಂಟಲು ನೋವಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ಗುರುತು. ಐವತ್ತು ದಾಟಿದವರ ಬೆರಳು ನೋವಿಗೆ ಅದನ್ನು ಯಾಕೆ ಮಾಡಿಸುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಆರ್‌ಎ ಫ್ಯಾಕ್ಟರ್ ಅಂದರೆ ರುಮಟಾಯ್ಡ್ ಫ್ಯಾಕ್ಟರ್, ನಮ್ಮದೇ ಐಜಿಜಿ ಪ್ರತಿಕಾಯದ ವಿರುದ್ಧ ದೇಹ ತಯಾರಿಸುವ ಇನ್ನೊಂದು ಪ್ರತಿಕಾಯ. ಮೊಲದ ಪ್ರತಿಕಾಯ ಸವರಿದ ಕುರಿಯ ಕೆಂಪು ರಕ್ತಕಣಗಳು ಇಂಥ ರೋಗಿಗಳ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಗುಂಪುಗಟ್ಟುವುದನ್ನು ನಾರ್ವೆಯ ಎರಿಕ್ ವಾಲರ್ 1940ರಲ್ಲಿ ವರದಿ ಮಾಡಿದರು. ಚಿಕ್ಕ ಲ್ಯಾಬುಗಳಲ್ಲಿ ಇಂದಿಗೂ ನಡೆಯುವುದು ಅದರ ಸುಲಭ ರೂಪವೇ: ಕಪ್ಪು ಗಾಜಿನ ಮೇಲೆ ಒಂದು ತೊಟ್ಟು ಸೀರಂ, ಒಂದು ತೊಟ್ಟು ಲೇಟೆಕ್ಸ್ ದ್ರವ, ಕಡ್ಡಿಯಲ್ಲಿ ಕಲಸಿ ಅಲುಗಾಡಿಸಿದರೆ ಬಿಳಿಯ ಕಣಗಳು ಮೊಸರೊಡೆದು ಕಾಣುತ್ತವೆ, ಅಥವಾ ಇಲ್ಲ. ವರದಿಯಲ್ಲಿ ಬರುವುದು ಪಾಸಿಟಿವ್, ನೆಗೆಟಿವ್ ಎಂಬ ಒಂದೇ ಶಬ್ದ.

ಆ ಒಂದು ಶಬ್ದಕ್ಕೆ ಬಹಳ ಮಂದಿ ವಾರಸುದಾರರಿದ್ದಾರೆ. ಕ್ಷಯ, ಕುಷ್ಠ, ಹೆಪಟೈಟಿಸ್ ಸಿ, ಹೃದಯದ ಕವಾಟದ ಸೋಂಕು, ಬಾಯಿ-ಕಣ್ಣು ಒಣಗಿಸುವ ಶೋಗ್ರನ್ ಕಾಯಿಲೆ ಎಲ್ಲದರಲ್ಲೂ ಅದು ಕಾಣಿಸಿಕೊಳ್ಳಬಹುದು. ಏನೂ ಇಲ್ಲದ ವೃದ್ಧರಲ್ಲೂ ಇರುತ್ತದೆ. ಬಾವಿಲ್ಲದ, ತುದಿಗಂಟು ಮಾತ್ರ ಉಬ್ಬಿದ ಎಪ್ಪತ್ತರ ಅಜ್ಜಿಗೆ ಈ ಪಾಸಿಟಿವ್‌ನಿಂದಾಗಿ ಯಾರೋ ರುಮಟಾಯ್ಡ್‌ನ ಮುಖ್ಯ ಔಷಧಿಯಾದ ಮೆಥೊಟ್ರೆಕ್ಸೇಟ್ ಶುರುಮಾಡಿದ್ದನ್ನು ನಿಲ್ಲಿಸುವುದೂ ನನ್ನ ಕೆಲಸದ ಒಂದು ಭಾಗ.

ಮೆತ್ತಗಿನ ಬಾವು ಕೈಗೆ ಸಿಕ್ಕಿದರೆ ನಾನು ಬರೆಯುವುದು ಸಂಖ್ಯೆಯಲ್ಲಿ ಉತ್ತರ ಕೊಡುವ ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆ್ಯಂಟಿ-ಸಿಸಿಪಿ. ಎರಡನೆಯದು ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ಮಾದರಿ ಹೊರಗಿನ ದೊಡ್ಡ ಲ್ಯಾಬಿಗೆ ಹೋಗಿ ವರದಿ ಬರಲು ದಿನಗಳು ಬೇಕು. ಆದ್ದರಿಂದ ಗಂಟು ನೋವಿನ ಎಲ್ಲರಿಗೂ ಬರೆಯುವುದಿಲ್ಲ. ಉರಿಯೂತ ನಡೆಯುವ ಜಾಗದಲ್ಲಿ ಕೆಲವು ಪ್ರೋಟೀನುಗಳ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಒಂದು ಕಿಣ್ವ ಸಿಟ್ರುಲಿನ್ ಆಗಿ ಬದಲಿಸುತ್ತದೆ. ಬೀಡಿ, ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ಇದನ್ನು ಹೆಚ್ಚಿಸುತ್ತದೆ. ಒಸಡಿನ ಕಾಯಿಲೆಗೂ ಇದಕ್ಕೂ ನಂಟಿದೆ. ಹೀಗೆ ಬದಲಾದ ಪ್ರೋಟೀನನ್ನು ಕೆಲವರ ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ತಿಳಿದು ಪ್ರತಿಕಾಯ ತಯಾರಿಸುತ್ತದೆ. ಆ್ಯಂಟಿ-ಸಿಸಿಪಿ ಹುಡುಕುವುದು ಇದನ್ನೇ. ನೆದರ್‌ಲೆಂಡ್ಸ್‌ನ ಸಂಶೋಧಕರು 1964ರಲ್ಲೇ ಕೆನ್ನೆಯ ಒಳಪದರದ ಕೋಶಗಳ ಮೇಲೆ ಈ ಪ್ರತಿಕಾಯವನ್ನು ಕಂಡಿದ್ದರು. ಅದರ ಗುರಿ ಸಿಟ್ರುಲಿನ್ ಎಂಬುದು ತಿಳಿದದ್ದು 1998ರಲ್ಲಿ. ಕಾಯಿಲೆ ಇರುವ ನೂರು ಮಂದಿಯಲ್ಲಿ ಎರಡೂ ಪರೀಕ್ಷೆಗಳು ಹೆಚ್ಚುಕಡಿಮೆ ಎಪ್ಪತ್ತರಷ್ಟನ್ನು ಹಿಡಿಯುತ್ತವೆ. ಅದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಾಯಿಲೆ ಇಲ್ಲದ ನೂರು ಮಂದಿಯಲ್ಲಿ ಆರ್‌ಎ ಫ್ಯಾಕ್ಟರ್ ಸುಮಾರು ಹದಿನೈದು ಮಂದಿಯನ್ನು ಸುಮ್ಮನೆ ಬೆದರಿಸಿದರೆ, ಸಿಸಿಪಿ ಬೆದರಿಸುವುದು ಸುಮಾರು ಐವರನ್ನು. ಆದರೂ ಸಕ್ರಿಯ ಕ್ಷಯ ಇದ್ದವರಲ್ಲಿ ಸಿಸಿಪಿಯೂ ಕೆಲವೊಮ್ಮೆ ಪಾಸಿಟಿವ್ ಬರುವುದರಿಂದ ಎದೆಯ ಎಕ್ಸ್‌ರೇ ಇಲ್ಲದೆ ನಾನು ಮುಂದುವರಿಯುವುದಿಲ್ಲ.

ಸಂಖ್ಯೆಯನ್ನು ಓದುವಾಗ ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿರುವ, ಸಹಜವೆಂದು ಆ ಲ್ಯಾಬ್ ಒಪ್ಪುವ ಗರಿಷ್ಠ ಮಿತಿಯನ್ನೂ ಓದಬೇಕು. ಮಿತಿ 20 ಇದ್ದಲ್ಲಿ 48 ಬಂದರೆ ಅದು ಕಡಿಮೆ ಮಟ್ಟದ ಪಾಸಿಟಿವ್, 60 ದಾಟಿದರೆ ಹೆಚ್ಚಿನ ಮಟ್ಟದ್ದು. ಮೂರು ಪಟ್ಟು ಎಂಬುದೇ ಗೆರೆ. 2010ರ ಮಾನದಂಡದಲ್ಲಿ ಒಟ್ಟು 10 ಅಂಕ, 6 ಬಂದರೆ ರುಮಟಾಯ್ಡ್. ಮೊದಲ ಶರತ್ತು ಮಾತ್ರ ಅಂಕದ ಹೊರಗಿದೆ: ಬೇರೆ ಕಾಯಿಲೆಯಿಂದ ವಿವರಿಸಲಾಗದ ಬಾವು ಕನಿಷ್ಠ ಒಂದು ಕೀಲಿನಲ್ಲಿ ವೈದ್ಯರ ಕೈಗೆ ಸಿಗಬೇಕು. ಅದಿಲ್ಲದೆ ಅಂಕ ಕೂಡಿಸಲು ಕೂರುವಂತಿಲ್ಲ.

ಒಂದೇ ಮಳೆಗಾಲದಲ್ಲಿ ಬಂದ ಇಬ್ಬರನ್ನು ಹೋಲಿಸಿ ಹೇಳುತ್ತೇನೆ. ಗೋಕರ್ಣದ ಕಡೆಯ ಒಬ್ಬ ಶಿಕ್ಷಕಿಗೆ ಬಲಗೈಯ ಎರಡೇ ಬುಡದ ಗಂಟುಗಳು ಊದಿದ್ದವು. ಸೀಮೆಸುಣ್ಣ ಹಿಡಿಯಲು ಬಾರದೆ ಎರಡು ತಿಂಗಳಾಗಿತ್ತು. ಸಿಆರ್‌ಪಿ ಸಹಜ. ಸಿಸಿಪಿ ಮಿತಿಯ ಹತ್ತು ಪಟ್ಟಿಗೂ ಹೆಚ್ಚು. ಚಿಕ್ಕ ಕೀಲು ಒಂದರಿಂದ ಮೂರು ಇದ್ದರೆ 2, ಹೆಚ್ಚಿನ ಮಟ್ಟದ ಪ್ರತಿಕಾಯಕ್ಕೆ 3, ಆರು ವಾರ ದಾಟಿದ್ದಕ್ಕೆ 1, ಒಟ್ಟು 6. ಎರಡು ಗಂಟು ಊದಿದ ಆಕೆಗೆ ಕಾಯಿಲೆ ಖಚಿತವಾಯಿತು. ಇನ್ನೊಬ್ಬರು ಘಟ್ಟದ ಮೇಲಿನ ತೋಟದ ಮನೆಯವರು. ಎರಡೂ ಕೈ ಸೇರಿ ಏಳು ಗಂಟುಗಳಲ್ಲಿ ಬಾವು, ಉರಿಯೂತದ ಇನ್ನೊಂದು ಅಳತೆಯಾದ ಇಎಸ್‌ಆರ್ ಏರಿತ್ತು, ಮೂರು ತಿಂಗಳಿಂದ ದೋಸೆ ಹುಯ್ಯಲಾರದ ಸ್ಥಿತಿ. ಎರಡೂ ಪ್ರತಿಕಾಯ ನೆಗೆಟಿವ್. ನಾಲ್ಕರಿಂದ ಹತ್ತು ಚಿಕ್ಕ ಕೀಲಿಗೆ 3, ಇಎಸ್‌ಆರ್‌ಗೆ 1, ಅವಧಿಗೆ 1. ಒಟ್ಟು 5. ಕಣ್ಣಿಗೆ ಹೆಚ್ಚು ಕಾಯಿಲೆ ಕಾಣುವುದು ಇವರಲ್ಲೇ, ಅಂಕ ಮಾತ್ರ ಸಾಲದು. ಪ್ರತಿಕಾಯ ಇಲ್ಲದವರು ಈ ಲೆಕ್ಕದಲ್ಲಿ ಪಾಸಾಗಬೇಕಾದರೆ ಹತ್ತಕ್ಕಿಂತ ಹೆಚ್ಚು ಕೀಲುಗಳನ್ನು ತಂದು ತೋರಿಸಬೇಕು.

ಈ ಮಾನದಂಡ ಹುಟ್ಟಿದ್ದು ಸಂಶೋಧನೆಗೆ ರೋಗಿಗಳನ್ನು ವಿಂಗಡಿಸಲು. ಚಿಕಿತ್ಸೆ ನಿರಾಕರಿಸಲು ಅದು ಸಬೂಬಾಗಬಾರದು. ಎರಡನೆಯವರಿಗೂ ನಾನು ಚಿಕಿತ್ಸೆ ಶುರುಮಾಡಿದೆ, ಆದರೆ ಮೊದಲು ಬೇರೆ ಬಾಗಿಲುಗಳನ್ನೆಲ್ಲ ತಟ್ಟಿ ನೋಡಿ. ತಲೆಯಲ್ಲಿ, ಮೊಣಕೈಯಲ್ಲಿ, ಹೊಕ್ಕುಳಿನಲ್ಲಿ ಸೋರಿಯಾಸಿಸ್‌ನ ಹೊಪ್ಪಳೆ ಇದೆಯೇ, ಉಗುರಿನಲ್ಲಿ ಚುಕ್ಕಿ ಗುಳಿಗಳಿವೆಯೇ, ಮನೆಯಲ್ಲಿ ಯಾರಿಗಾದರೂ ಇತ್ತೇ? ಎಲ್ಲಕ್ಕಿಂತ ಮುಖ್ಯವಾಗಿ, ನೋವು ಜ್ವರದೊಂದಿಗೆ ಶುರುವಾಯಿತೇ? 2006ರಲ್ಲಿ ಕರ್ನಾಟಕವನ್ನು ಮಲಗಿಸಿದ ಚಿಕುನ್‌ಗುನ್ಯ ಆಮೇಲೆಯೂ ಮರುಕಳಿಸುತ್ತಲೇ ಇದೆ. ಜ್ವರ ಬಿಟ್ಟು ತಿಂಗಳುಗಳಾದ ಮೇಲೂ ಅದು ಥೇಟ್ ರುಮಟಾಯ್ಡ್‌ನ ವೇಷದಲ್ಲಿ ಎರಡೂ ಕೈಗಳ ಗಂಟು ಹಿಡಿದಿರಬಲ್ಲದು. ಸಿಸಿಪಿ ಅದರಲ್ಲಿ ಸಾಮಾನ್ಯವಾಗಿ ನೆಗೆಟಿವ್. ಆರು ವಾರ ಎಂಬ ಗಡುವನ್ನು ಇಟ್ಟಿರುವುದಕ್ಕೆ ತಾವಾಗಿಯೇ ಮಾಯವಾಗುವ ಇಂಥ ವೈರಸ್ ನೋವುಗಳೂ ಒಂದು ಕಾರಣ, ಚಿಕುನ್‌ಗುನ್ಯಕ್ಕೆ ಮಾತ್ರ ಆರು ವಾರವೂ ಸಾಲದೆ ಹೋಗುತ್ತದೆ.

ಆರಂಭದಲ್ಲಿ ಕೈ ನೋಡಿ ಇವರಿಗೆ ಪ್ರತಿಕಾಯ ಇದೆ, ಇವರಿಗೆ ಇಲ್ಲ ಎಂದು ಹೇಳಲು ಬರುವುದಿಲ್ಲ. ಬಿಗಿತ, ನೋವು, ಬಾವು ಎರಡರಲ್ಲೂ ಒಂದೇ. ದಾರಿ ಬೇರೆಯಾಗುವುದು ಮುಂದೆ. ಹೆಚ್ಚು ಮಟ್ಟದ ಸಿಸಿಪಿ ಇದ್ದವರಲ್ಲಿ ಮೂಳೆ ಕೊರೆತ ಬೇಗ ಬರುತ್ತದೆ, ಔಷಧಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದೂ ಹೆಚ್ಚು. ಮೊಣಕೈಯ ಮೇಲಿನ ಗಡ್ಡೆಗಳು, ಶ್ವಾಸಕೋಶದ ಗಟ್ಟಿತನ ಇಂಥವರಿಗೇ ಹೆಚ್ಚು. ಬೀಡಿ ಬಿಡಲೊಲ್ಲದ ಒಬ್ಬ ಮೀನುಗಾರರ ಎದೆಯ ತಳದಲ್ಲಿ ಸ್ಟೆತೊಸ್ಕೋಪ್ ಇಟ್ಟಾಗ ಕೇಳಿದ ಚರಚರ ಸದ್ದು ನನ್ನನ್ನು ಮೆಥೊಟ್ರೆಕ್ಸೇಟ್ ಬರೆಯದಂತೆ ತಡೆಯಿತು. ಸಿಟಿ ಸ್ಕ್ಯಾನ್ ಮಾಡಿಸಿ ನೇರವಾಗಿ ತಜ್ಞರಲ್ಲಿಗೆ ಕಳಿಸಿದೆ.

ಪ್ರತಿಕಾಯದ ಪರೀಕ್ಷೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಕೈ ಸುಳ್ಳು ಹೇಳಿದಾಗ. ಅಳಿವೆಯ ಆಚೆ ದಡದ ಒಬ್ಬ ಮಹಿಳೆ, ಐವತ್ತರ ಹತ್ತಿರ, ಸಕ್ಕರೆ ಕಾಯಿಲೆ ಎಂದು ಬಂದಿದ್ದರು. ಮಾತಿನ ನಡುವೆ ಹಳೆಯ ಗಂಟು ನೋವಿನ ಸುದ್ದಿ ಬಂತು. ಕೈಯಲ್ಲಿ ಬಾವೇ ಇಲ್ಲ, ಸಿಆರ್‌ಪಿ ಸಹಜ. ಆದರೆ ಮುಖ ದುಂಡಗಾಗಿತ್ತು, ಮುಂದೋಳಿನ ಚರ್ಮ ತೆಳುವಾಗಿ ಅಲ್ಲಲ್ಲಿ ನೀಲಿಗಟ್ಟಿತ್ತು. "ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಅಕ್ಕ?" ಎಂದರೆ "ಇಲ್ಲ, ಔಷಧಿ ಏನೂ ಇಲ್ಲ, ಪುಡಿ ಮಾತ್ರ" ಎಂದರು. ಚೀಲದ ತಳದಿಂದ ಹೊರಬಂದದ್ದು ದಿನಪತ್ರಿಕೆಯ ಚೂರಿನಲ್ಲಿ ಕಟ್ಟಿದ ಪೊಟ್ಟಣಗಳು. ಹೆಸರಿಲ್ಲ, ಮೊಹರಿಲ್ಲ. ಹಿಂದಿನ ವರ್ಷ ಉಂಗುರ ಕತ್ತರಿಸಿ ತೆಗೆಸುವಷ್ಟು ಬೆರಳು ಊದಿತ್ತಂತೆ, ಪುಡಿ ತಿಂದ ಎರಡೇ ದಿನಕ್ಕೆ ಇಳಿಯಿತಂತೆ. ಒಂದು ವಾರ ತಪ್ಪಿದರೆ ಎದ್ದು ಕೂರಲೂ ಆಗುವುದಿಲ್ಲವಂತೆ. ಆಯುರ್ವೇದದ ಬಗ್ಗೆ ನನ್ನ ತಕರಾರಿಲ್ಲ, ಆಮವಾತದ ವರ್ಣನೆ ಅಲ್ಲಿ ಶತಮಾನಗಳಿಂದ ಇದೆ. ಹೆಸರಿಲ್ಲದ ಪೊಟ್ಟಣದ ಬಗ್ಗೆ ಮಾತ್ರ ತಕರಾರಿದೆ. ಎರಡು ದಿನದಲ್ಲಿ ಬಾವು ಇಳಿಸಿ, ಸಕ್ಕರೆ ಏರಿಸಿ, ಮುಖ ದುಂಡಗೆ ಮಾಡುವುದು ಸ್ಟೀರಾಯ್ಡಿನ ಲಕ್ಷಣ.

ಸ್ಟೀರಾಯ್ಡ್ ಬಾವನ್ನೂ ಸಿಆರ್‌ಪಿಯನ್ನೂ ಅಡಗಿಸುತ್ತದೆ. ಸಿಸಿಪಿಯನ್ನು ಅಷ್ಟು ಸುಲಭವಾಗಿ ಅಡಗಿಸಲಾಗದು. ಆಕೆಯ ವರದಿಯಲ್ಲಿ ಅದು ಆ ಲ್ಯಾಬ್ ಅಳೆಯಬಲ್ಲ ಮಿತಿಯನ್ನೇ ದಾಟಿತ್ತು. ಪಾದದ ಎಕ್ಸ್‌ರೇ ತೆಗೆಸಿದೆ: ಎಡಗಾಲಿನ ಕಿರುಬೆರಳಿನ ಬುಡದಲ್ಲಿ ಮೂಳೆಯ ಅಂಚನ್ನು ಇಲಿ ಕಚ್ಚಿದ ಗುರುತು. ಪುಡಿಯನ್ನು ಒಮ್ಮೆಲೇ ನಿಲ್ಲಿಸಬೇಡಿ ಎಂದು ಹೇಳಿದಾಗ ಆಕೆಯ ಮಗ ನನ್ನ ಮುಖವನ್ನೇ ನೋಡಿದ. ಬಹುಕಾಲ ಸ್ಟೀರಾಯ್ಡ್ ತಿಂದವರಲ್ಲಿ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ, ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಅಳತೆ ಗೊತ್ತಿರುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗೆ ಬದಲಿಸಿ, ಮೆಥೊಟ್ರೆಕ್ಸೇಟ್ ಶುರುಮಾಡಿ, ಪ್ರೆಡ್ನಿಸೊಲೋನನ್ನು ತಿಂಗಳುಗಟ್ಟಲೆ ಮೆಲ್ಲಗೆ ಇಳಿಸಿದೆವು.

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಔಷಧಿ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಬಿಳಿ ರಕ್ತಕಣ ಕುಸಿದು ಸಾಯಬಹುದು. "ನಿಮ್ಮ ಊರಿನ ಸಂತೆ ಯಾವ ದಿನ?" ಎಂದು ಕೇಳಿ, ಆ ದಿನವನ್ನೇ ಚೀಟಿಯಲ್ಲಿ ದೊಡ್ಡದಾಗಿ ಬರೆದು ಗೆರೆ ಎಳೆಯುತ್ತೇನೆ. ಫೋಲಿಕ್ ಆಮ್ಲದ ಮಾತ್ರೆ ಬೇರೆ ದಿನ. ಶುರುಮಾಡುವ ಮೊದಲು ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಆಮೇಲೆ ನಿಯಮಿತವಾಗಿ ಯಕೃತ್ತು ಮತ್ತು ರಕ್ತಕಣಗಳದ್ದು. ಹೆಂಡ ಕೂಡದು. ಮಗು ಬೇಕೆನ್ನುವ ಹೆಣ್ಣುಮಕ್ಕಳಿಗೆ ಈ ಔಷಧಿ ಕೊಡುವುದಿಲ್ಲ. ಅವರಿಗೆ ಹೈಡ್ರಾಕ್ಸಿಕ್ಲೊರೊಕ್ವಿನ್, ಸಲ್ಫಸಲಜೀನ್ ಇವೆ. ಈ ಮಾತನ್ನು ಅತ್ತೆಯ ಎದುರು ಕೇಳಬಾರದು, ಒಬ್ಬಳನ್ನೇ ಒಳಗೆ ಕರೆದು ಕೇಳಬೇಕು.

ಬಾವಿಲ್ಲದೆ ಸಿಸಿಪಿ ಮಾತ್ರ ಪಾಸಿಟಿವ್ ಬಂದವರೂ ಇದ್ದಾರೆ, ಹೆಚ್ಚಾಗಿ ಅಮ್ಮನಿಗೆ ಕಾಯಿಲೆ ಇದೆಯೆಂದು ಹೆದರಿ ತಾವೇ ಪರೀಕ್ಷೆ ಮಾಡಿಸಿಕೊಂಡ ಹುಡುಗಿಯರು. ಈ ಪ್ರತಿಕಾಯ ಕಾಯಿಲೆಗಿಂತ ವರ್ಷಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಬಲ್ಲದು, ಹಾಗೆಂದು ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಔಷಧಿ ಕೊಡುವುದಿಲ್ಲ. ಮನೆಯಲ್ಲಿ ಹೊಗೆ ಸೇದುವವರಿದ್ದರೆ ಹೊರಗೆ ಹೋಗಿ ಸೇದಲಿ, ಹಲ್ಲಿನ ವೈದ್ಯರನ್ನು ಒಮ್ಮೆ ಕಾಣಿ, ಬೆಳಿಗ್ಗೆ ಮುಷ್ಟಿ ಬಿಗಿಯದ ದಿನ ಬಂದರೆ ಕಾಯದೆ ಬನ್ನಿ, ಇಷ್ಟೇ ಹೇಳುವುದು.

ಕೊನೆಯದಾಗಿ ನನಗೆ ಸಿಟ್ಟು ತರಿಸುವ ಒಂದು ರೂಢಿ. ಚಿಕಿತ್ಸೆ ಶುರುವಾದ ಮೇಲೆ ತಿಂಗಳಿಗೊಮ್ಮೆ ಆರ್‌ಎ ಫ್ಯಾಕ್ಟರ್ ಮಾಡಿಸಿ, "ಪಾಯಿಂಟ್ ಇನ್ನೂ ಇಳಿದಿಲ್ಲ" ಎಂದು ಅಳುವವರನ್ನು ನೋಡುತ್ತೇನೆ. ಕೈ ಮೆತ್ತಗಾಗಿ, ಕಾಯಿ ತುರಿಯಲು ಬಂದು, ಸಿಆರ್‌ಪಿ ಇಳಿದಿದ್ದರೂ ಪ್ರತಿಕಾಯ ಹಾಗೇ ಇರಬಹುದು. ಸುಧಾರಣೆ ಅಳೆಯಲು ಕೀಲುಗಳ ಎಣಿಕೆ ಮತ್ತು ಇಎಸ್‌ಆರ್ ಅಥವಾ ಸಿಆರ್‌ಪಿ ಸಾಕು. ಅದಕ್ಕೇ ಪ್ರತಿ ರೋಗಿಯ ಫೈಲಿನ ಮೊದಲ ಪುಟದಲ್ಲಿ ನೋವು ಶುರುವಾದ ತಿಂಗಳು, ಎರಡು ಪ್ರತಿಕಾಯಗಳ ಸಂಖ್ಯೆ ಮತ್ತು ಆ ಲ್ಯಾಬಿನ ಮಿತಿ, ಊದಿದ ಗಂಟುಗಳನ್ನು ಗುರುತಿಸಿದ ಕೈಕಾಲಿನ ಚಿತ್ರ ಬರೆದಿಡುತ್ತೇನೆ. ಹುಬ್ಬಳ್ಳಿಗೆ ಹೋಗುವವರು ಆ ಪುಟವನ್ನೂ ಪಾದದ ಎಕ್ಸ್‌ರೇಯನ್ನೂ ಒಯ್ದರೆ ಅಲ್ಲಿ ಮತ್ತೆ ಸಿಸಿಪಿಗೆ ರಕ್ತ ಕೊಡಬೇಕಾಗಿಲ್ಲ.